ಆಮ್ರೂನ ಎಡಗಾಲು

ಜುಲೈ ೭

ಇಂದಿನಿಂದ ಬರೆಯುವುದು ಅನಿವಾರ್ಯ. ತೊರವಿಯ ಈ ಕೇಂದ್ರದಲ್ಲಿ ಮಗಳ ವ್ಯಾಯಾಮ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ: ಮಕ್ಕಳ ಗಮನ ಕೆಡುತ್ತದೆ, ಪಾಲಕರು ಮಾತಾಡಬಾರದು. ಒಂದು ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಬಿಜ್ಜರಗಿಯಿಂದ ಸಂತೆಗೆ ಬಂದವನು ನಾನು. ಆಮೇಲಿನದ್ದನ್ನೆಲ್ಲ ಮಾತೇ ಗಳಿಸಿಕೊಟ್ಟಿದೆ. ಇವತ್ತು ತಿಕೋಟಾ, ಬಬಲೇಶ್ವರದ ಸುತ್ತ ಕುರಿ-ಆಡು ಕೈ ಬದಲಾಗಬೇಕಾದರೆ ನಡುವೆ ರಾಜಾರಾಮ ದಲ್ಲಾಳಿ ಇರಬೇಕು. ಅಂಥವನ ಬಾಯಿಗೆ ಬೀಗ. ನಾಲಿಗೆಯಿಂದ ಹೋಗದ್ದು ಬೆರಳಿನಿಂದಾದರೂ ಹೋಗಲಿ.

ಆಮ್ರಪಾಲಿಯ ಎಡತೊಡೆಯ ಮೂಳೆ ಮುರಿದದ್ದು ಏಪ್ರಿಲ್ಲಿನ ಶಾಲೆಯ ಸೂಟಿಯಲ್ಲಿ. ನಿಂತ ಟ್ರ್ಯಾಕ್ಟರಿನ ಟ್ರೇಲರ್ ಮೇಲಿಂದ ಹಾರುವ ಆಟ. ಉಳಿದ ಹುಡುಗಿಯರು ಹಾರಿದರು, ಎದ್ದರು, ಮನೆಗೆ ಹೋದರು. ಇವಳು ಏಳಲಿಲ್ಲ. ವಿಜಯಪುರದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಲೋಹದ ತಟ್ಟೆ, ಸ್ಕ್ರೂ ಕೂಡಿಸಿದ್ದಾರೆ. ಮೂಳೆ ನಿಧಾನವಾಗಿ ಕೂಡುತ್ತಿದೆ. ಆದರೆ ಒಂಬತ್ತು ವರ್ಷದ ಈ ಹುಡುಗಿ ಆ ಕಾಲನ್ನು ನೆಲಕ್ಕೆ ಊರಲು ಹೆದರುತ್ತಾಳೆ. ಅದಕ್ಕೇ ಈ ರೋಬೋ ಯಂತ್ರ.

ಯಂತ್ರವೆಂದರೆ ಇಷ್ಟು. ಮಗುವಿನ ಎದೆಗೆ, ಸೊಂಟಕ್ಕೆ ಪಟ್ಟಿ ಬಿಗಿದು ಮೇಲಿನಿಂದ ತೂಗು ಹಾಕಿ ಭಾರ ಹಿಡಿಯುತ್ತಾರೆ. ಕಾಲಿನ ಹೊರಗೆ ಎರಡು ಲೋಹದ ಕಾಲು ಕಟ್ಟುತ್ತಾರೆ. ಕೆಳಗೆ ನೆಲ ಸರಿಯುತ್ತದೆ, ಲೋಹದ ಕಾಲು ನಡೆಯುತ್ತದೆ, ಒಳಗಿನ ಕಾಲು ಅದರ ಜೊತೆ ಹೋಗುತ್ತದೆ. ಎದುರಿನ ಪರದೆಯಲ್ಲಿ ಎರಡು ಕಂಬ ಏರಿಳಿಯುತ್ತವೆ. ನೀಲಿ ಕಂಬ ಯಂತ್ರದ ಕೆಲಸ, ಹಳದಿ ಕಂಬ ಮಗುವಿನ ಕೆಲಸ.

ಹೆಂಡತಿ ಯಶೋಧರಾ ಸೆರಗು ಬಾಯಿಗೆ ಹಿಡಿದು ಅತ್ತಳು. "ನೋಡ್ರಿ, ನೆಟ್ಟಗ ನಡಿಯಾಕತ್ತಾಳ."

ನಾನು ಎಡ ಮೊಣಕಾಲನ್ನೇ ನೋಡುತ್ತಿದ್ದೆ. ನಡೆಯುತ್ತಿದ್ದದ್ದು ಯಂತ್ರ.

ಜುಲೈ ೧೦

ಯಂತ್ರ ನಡೆಸುವವಳು ರುಕ್ಸಾರ ಎಂಬ ಹುಡುಗಿ. ವಿಜಯಪುರದವಳೇ, ಫಿಜಿಯೋಥೆರಪಿ ಓದಿದ್ದಾಳೆ. ಮಾತು ಕಡಿಮೆ, ಆದರೆ ಆಡಿದ್ದು ಚುಚ್ಚುತ್ತದೆ.

"ಎಲ್ಲೆ ನೋಯತೈತಿ ಆಮ್ರಪಾಲಿ?" ಎಂದು ಕೇಳಿದಳು.

"ತೊಡಿ ಮ್ಯಾಲ, ಹೊರಗಿನ ಬಾಜೂ. ಮುಂಜಾನಿ ಜಾಸ್ತಿ," ಎಂದೆ ನಾನು.

"ನಿಮಗ ನೋಯತೈತೇನ್ರಿ?"

ಆಮ್ರೂ ಪಟ್ಟಿಯಲ್ಲಿ ತೂಗಾಡುತ್ತಲೇ ನಕ್ಕಳು. ನಾನೂ ನಕ್ಕೆ. ಗಿರಾಕಿ ನಕ್ಕಾಗ ದಲ್ಲಾಳಿಯೂ ನಗಬೇಕು.

ಬಸ್ಸಿನಲ್ಲಿ ಬರುವಾಗ ಯಂತ್ರಕ್ಕೊಂದು ಹೆಸರಿಟ್ಟಳು, ಕಬ್ಬಿಣದ ಕಾಕಾ. "ಕಾಕಾ ಚಲೋ ಅದಾನ ಯಪ್ಪಾ. ಕಾಲ ಎತ್ತತಾನ, ಇಡತಾನ. ಹಿಂಗ್ಯಾಕ ಇಟ್ಟಿ ಅಂತ ಕೇಳಂಗಿಲ್ಲ."

"ಅವಂಗ ಬಾಯಿ ಎಲ್ಲೈತವ್ವಾ."

"ಅದಕ್ಕ ಅಂದ್ನಿ, ಚಲೋ ಅದಾನ ಅಂತ."

ನನ್ನ ಮಗಳೇ. ಜವಾಬು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಜುಲೈ ೧೩

ರವಿವಾರದ ಸಂತೆ. ಜೈನಾಪುರದವನೊಬ್ಬ ಟಗರು ತಂದಿದ್ದ. ಕೊಂಬು, ಬೆನ್ನು, ಎದೆ, ಎಲ್ಲ ಕಣ್ಣು ತುಂಬುವಂತಿತ್ತು. ಆದರೆ ಆ ಪುಣ್ಯಾತ್ಮ ಅದನ್ನು ಹೊಟ್ಟು, ಹಿಕ್ಕೆ ಬಿದ್ದು ಮೆತ್ತಗಾದ ಮೂಲೆಯಲ್ಲೇ ಸುತ್ತಿಸುತ್ತಿದ್ದ. ಕಾಲಿನ ಐಬು ಮುಚ್ಚಬೇಕೆನ್ನುವವರು ಮೆತ್ತನೆಯ ನೆಲ ಹುಡುಕುತ್ತಾರೆ. ಅಲ್ಲಿ ಕುಂಟೂ ನೆಟ್ಟಗೆ ನಡೆಯುತ್ತದೆ. ನಾನು ಹಗ್ಗ ಹಿಡಿದು ಡಾಂಬರಿಗೆ ಎಳೆದೆ. ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನ ಬಲಗಾಲು ಸತ್ಯ ಹೇಳಿತು.

ಬಾಬುಸಾಬ ಎದುರು ನಿಂತಿದ್ದ. ಅವನು ನನ್ನ ಹಳೆಯ ಜೊತೆಗಾರ, ನಾವಿಬ್ಬರೂ ಸೇರಿಯೇ ದಲ್ಲಾಳಿ ಮಾಡುವುದು. ಕೊಡುವವನ, ಕೊಳ್ಳುವವನ ಎದುರು ಐಬನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಜಗಳವಾಗುತ್ತದೆ. ಅದಕ್ಕೆ ನಮ್ಮಲ್ಲೊಂದು ಸನ್ನೆ. ಹಲ್ಲಿನಲ್ಲಿ ಐಬಿದ್ದರೆ ಮೂಗು, ಕಾಲಿನಲ್ಲಿದ್ದರೆ ಕಿವಿಯ ತುದಿ ಮುಟ್ಟಿಕೊಳ್ಳುವುದು. ನಾನು ಕಿವಿ ಮುಟ್ಟಿಕೊಂಡೆ. ಅವನು ಗಿರಾಕಿಯ ಹೆಗಲ ಮೇಲೆ ಕೈಹಾಕಿ ಬೇರೆ ಕಡೆ ಕರೆದೊಯ್ದ. ಸೂಟಿಯಲ್ಲಿ ನನ್ನ ಜೊತೆ ಸಂತೆ ತಿರುಗಿದ ಆಮ್ರೂಗೂ ಈ ಸನ್ನೆ ಗೊತ್ತು. ಮನೆಯಲ್ಲಿ ಅಲುಗಾಡುವ ಕುರ್ಚಿ ಕಂಡರೂ ಗಂಭೀರವಾಗಿ ಕಿವಿ ಮುಟ್ಟಿಕೊಂಡು ಎಲ್ಲರನ್ನೂ ನಗಿಸುತ್ತಿದ್ದಳು.

"ನಿಂದು ಕಣ್ಣಲ್ಲೋ ಮಾರಾಯಾ, ಎಕ್ಸ್‌ರೇ," ಎಂದ ಬಾಬುಸಾಬ ಚಹಾ ಕುಡಿಯುವಾಗ.

ಆ ಮಾತು ತಲೆಯಲ್ಲಿ ಕೂತಿತು. ತೊರವಿಯ ಯಂತ್ರದ ಕೆಳಗಿನ ನೆಲ ಎಂಥದ್ದು? ಮೇಲಿನಿಂದ ಪಟ್ಟಿ ಹಿಡಿದಿದೆ, ಪಕ್ಕದಿಂದ ಲೋಹ ಹಿಡಿದಿದೆ. ಅದಕ್ಕಿಂತ ಮೆತ್ತನೆಯ ನೆಲ ನಾನು ಯಾವ ಸಂತೆಯಲ್ಲೂ ಕಂಡಿಲ್ಲ.

ಜುಲೈ ೧೭

ರುಕ್ಸಾರಳನ್ನು ಬಾಗಿಲಲ್ಲೇ ಹಿಡಿದೆ. "ಖರೇ ಹೇಳ್ರಿ ಮೇಡಂ. ಮಶೀನು ತಗದ್ರ ನಮ್ಮ ಹುಡುಗಿ ನಡೀತಾಳೇನು?"

"ಈಗ ನಡಿಯಂಗಿಲ್ರಿ. ಹಳದಿ ಕಂಬ ನೋಡ್ರಿ, ದಿನಾ ಒಂದೀಟ ಏರಾಕತ್ತೈತಿ. ಅದು ಏರಿದಂಗ ನಾವು ಮಶೀನಿನ ಆಸರಾ ಇಳಸ್ತೇವಿ. ಒಳಗ ಮೂಳಿ ಇನ್ನಾ ಹಸಿ ಐತಿ. ಡಾಕ್ಟರು ಹೇಳೂತನಕ ಮನ್ಯಾಗ ವಾಕರ್ ಹಿಡದ ಅಡ್ಡಾಡಬೇಕು, ಎಡಗಾಲ ಬರೇ ಮುಟ್ಟಿಸಬೇಕು. ಭಾರ ಹಾಕಬಾರದು."

ತಲೆಯಾಡಿಸಿದೆ. ಆದರೆ ತನ್ನ ಮಾಲಿನ ಬಗ್ಗೆ ಇಷ್ಟು ಸಮಾಧಾನದಿಂದ ಮಾತಾಡುವವರನ್ನು ನಾನು ನಂಬುವುದಿಲ್ಲ. ಹಳದಿ ಕಂಬ ಏರುತ್ತದೆ ಎನ್ನುವುದು ಯಂತ್ರವೇ ಹೇಳುವ ಮಾತು. ಟಗರಿನ ಕಾಲು ಚೆನ್ನಾಗಿದೆ ಎಂದು ಟಗರಿನ ಮಾಲೀಕ ಹೇಳಿದ ಹಾಗೆ.

ಯಶೋಧರಾಗೆ ಹೇಳಿದೆ. ಅವಳು ಅಂಗನವಾಡಿಗೆ ಹೊರಟಿದ್ದಳು, ಚೀಲ ಹೆಗಲಿಗೇರಿಸಿ ಅಂದಳು, "ಎಲ್ಲಾರೂ ನಿಮ್ಮಂಗ ಮಾರಾಕ ಕುಂತಿರಂಗಿಲ್ಲ."

ಜುಲೈ ೨೩

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಯಶೋಧರಾ ಅಂಗನವಾಡಿಯಲ್ಲಿದ್ದಳು. ಬಾಬುಸಾಬ ಬಬಲೇಶ್ವರದ ಕಡೆಯ ಒಂದು ಹಿಂಡಿನ ವಿಷಯ ಮಾತಾಡಲು ಮನೆಗೆ ಬಂದಿದ್ದ. ಆಮ್ರೂ ಅಂಗಳದಲ್ಲಿ ವಾಕರ್ ಹಿಡಿದು ನಿಂತಿದ್ದಳು. ನಮ್ಮ ಅಂಗಳಕ್ಕೆ ಕಲ್ಲಿನ ಫರಸಿ. ಒಂದೇ ಸಲ, ನಾಲ್ಕೇ ಹೆಜ್ಜೆ ನೋಡಿಬಿಟ್ಟರೆ ಮನಸ್ಸಿಗೆ ಸಮಾಧಾನವಾಗುತ್ತದೆ ಎನಿಸಿತು. ಇದ್ದದ್ದು ಇದ್ದಹಾಗೆ ಗೊತ್ತಾದರೆ ಮುಂದಿನ ದಾರಿ ನೋಡಬಹುದು, ಸೊಲ್ಲಾಪುರದ್ದೋ ಮಿರಜದ್ದೋ ದೊಡ್ಡ ಆಸ್ಪತ್ರೆ. ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಕೇಳಿಕೊಳ್ಳುತ್ತಿದ್ದೇನೆ.

"ವಾಕರ್ ಬಿಡವ್ವಾ. ಬಾಬುಸಾಬ ಕಾಕಾನ ಕಡೆ ನಾಕ ಹೆಜ್ಜಿ ನಡಿ."

"ಮೇಡಂ ಬ್ಯಾಡ ಅಂದಾರ."

"ಮೇಡಂ ಇಲ್ಲಿಲ್ಲ. ನಾ ಅದೇನಿ. ಎಡಗಾಲ ಮ್ಯಾಲ ಪೂರಾ ಭಾರ ಹಾಕು, ಅಂಜಬ್ಯಾಡ."

ಅವಳು ನನ್ನ ಮುಖ ನೋಡಿದಳು, ವಾಕರ್ ಬಿಟ್ಟಳು. ಬಲಗಾಲು, ಎಡಗಾಲು. ಭಾರ ಹಾಕಿದಳು. ಕಲ್ಲಿನ ಮೇಲೆ, ಯಾವ ಪಟ್ಟಿಯೂ ಇಲ್ಲದೆ. ಮತ್ತೆ ಬಲ, ಮತ್ತೆ ಎಡ. ಸೊಂಟ ಒಂದು ಕಡೆ ಇಳಿಯಿತು, ಪಾದ ಹೊರಗೆ ತಿರುಗಿತು. ಬಾಬುಸಾಬ ಅದೇ ಕ್ಷಣಕ್ಕೆ ನನ್ನತ್ತ ನೋಡಿ ಕಿವಿ ಮುಟ್ಟಿಕೊಂಡ. ಕೈಗೆ ಹತ್ತಿದ ಅಭ್ಯಾಸ. ನಾನೂ ಕಿವಿ ಮುಟ್ಟಿಕೊಂಡೆ.

ಆಮ್ರೂ ನಡುವೆಯೇ ನಿಂತಳು. ಯಾಕೆ ನಿಂತಳೋ. ನಡೆಯುತ್ತಿದ್ದವಳು ನಿಲ್ಲಬಾರದು, ನಿಂತರೆ ಸಮತೋಲ ತಪ್ಪುತ್ತದೆ. ಎಡಗಡೆಗೇ ಬಿದ್ದಳು. ನಾವಿಬ್ಬರೂ ಓಡಿದೆವು, ಸಮಯಕ್ಕೆ ಮುಟ್ಟಲಿಲ್ಲ.

ಎಕ್ಸ್‌ರೇಯಲ್ಲಿ ತಟ್ಟೆ ಇದ್ದಲ್ಲೇ ಇದೆ. ಆದರೆ ಕೂಡುತ್ತಿದ್ದ ಜಾಗದಲ್ಲಿ ಮತ್ತೆ ಕೂದಲಿನಂಥ ಗೆರೆ ಬಿದ್ದಿದೆ. ಮೂರು ವಾರ ಹಾಸಿಗೆ. ಯಂತ್ರವಿಲ್ಲ, ವಾಕರ್ ಇಲ್ಲ. ಆಗಲೂ ಕೂಡದಿದ್ದರೆ ಮತ್ತೆ ಕೊಯ್ಯಬೇಕು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆಸ್ಪತ್ರೆಯ ಮೆಟ್ಟಿಲಲ್ಲಿ ಯಶೋಧರಾ ಕೇಳಿದಳು, "ಯಾರಿಗಿ ತೋರ್ಸಾಕ ನಡಿಸಿದ್ರಿ?"

"ತೋರ್ಸಾಕ ಅಲ್ಲ. ನೋಡಾಕ."

"ನೋಡಿದ್ರಿ?"

ಜುಲೈ ೨೬

ಆಮ್ರೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಊಟಕ್ಕೆ ಏಳುತ್ತಾಳೆ, ಯಶೋಧರಾಳ ಜೊತೆ ಮಾತಾಡುತ್ತಾಳೆ. ನಾನು ಒಳಗೆ ಬಂದರೆ ಹೊದಿಕೆ ಎಳೆದುಕೊಂಡು ಕಾಲು ಮುಚ್ಚುತ್ತಾಳೆ. ಮಳೆಯೇ ಇಲ್ಲದ ಈ ಸೆಕೆಯಲ್ಲಿ ಯಾಕೆ ಹೊದಿಕೆ ಎಂದರೆ, "ನೊಣ" ಎನ್ನುತ್ತಾಳೆ.

ಅವಳನ್ನು ನಗಿಸಲು ಜೈನಾಪುರದ ಟಗರಿನ ಕಥೆ ಹೇಳಿದೆ. ಮೆತ್ತನೆಯ ಮೂಲೆ, ಡಾಂಬರು, ಎಲ್ಲ ಅಭಿನಯ ಮಾಡಿ ಹೇಳಿದೆ. ನಗಲಿಲ್ಲ. "ಆಮ್ಯಾಲ ಆ ಟಗರಿನ್ನ ಏನ ಮಾಡಿದ್ರು?" ಎಂದಳು.

"ಖಾಟಿಕರಿಗಿ ಹೋಗಿರಬೇಕು, ಕೊಯ್ಯಾಕ. ಮತ್ತ್ಯಾರ ತಗೋತಾರ ಅದನ್ನ?"

ಮತ್ತೆ ಗೋಡೆಯ ಕಡೆ ತಿರುಗಿದಳು. ಹುಡುಗರಿಗೆ ಹಾಸಿಗೆ ಬೇಸರ ತರಿಸುತ್ತದೆ.

ಆಗಸ್ಟ್ ೩

ಸಂತೆಗೆ ಹೋಗಿದ್ದೆ. ವ್ಯಾಪಾರವಾಯಿತು. ಬರೆಯುವಂಥದ್ದೇನೂ ಇಲ್ಲ.

ಆಗಸ್ಟ್ ೧೨

ಮೂಳೆ ಕೂಡಿದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಇನ್ನು ಭಾರ ಹಾಕಬಹುದು, ಹಾಕಲೇಬೇಕು. ಯಶೋಧರಾ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

ಮಧ್ಯಾಹ್ನ ತೊರವಿಗೆ ಬಂದೆವು. ಯಂತ್ರಕ್ಕೆ ಕಟ್ಟಿದರು. ನೀಲಿ ಕಂಬ ಮೇಲಕ್ಕೆ ಹೋಯಿತು, ಹಳದಿ ಕಂಬ ನೆಲ ಹಿಡಿದು ಕೂತಿತು. ಮೊದಲ ದಿನ ಇದ್ದಷ್ಟೂ ಇಲ್ಲ. ಲೋಹದ ಕಾಲು ಎಳೆದಲ್ಲಿಗೆ ಹೋಗುತ್ತಾಳೆ, ತಾನಾಗಿ ಒಂದು ನರವನ್ನೂ ಬಿಗಿಮಾಡುವುದಿಲ್ಲ.

"ಮಶೀನ ಕೆಟ್ಟಿರಬೇಕು ನೋಡ್ರಿ," ಎಂದೆ.

ರುಕ್ಸಾರ ನನ್ನ ಕಡೆ ತಿರುಗಲೂ ಇಲ್ಲ. "ಮಶೀನ ಬರೊಬ್ಬರಿ ಐತಿ. ಕಾಲೂ ಬರೊಬ್ಬರಿ ಐತಿ. ಆಕೀನ ಭಾರ ಹಾಕವಲ್ಲಳು." ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದಳು. ಕಾಲಿಗೆ ಕೆಲಸ ಬೀಳದಿದ್ದರೆ ಸ್ನಾಯು ಸೊರಗುತ್ತದೆ. ಈ ಒಂದೆರಡು ತಿಂಗಳಲ್ಲಿ ಊರದಿದ್ದರೆ ಆ ಕುಂಟು ಮುಂದೆ ಅವಳದ್ದೇ ನಡಿಗೆಯಾಗಿ ಉಳಿಯುತ್ತದೆ. "ಅಂಜಿಕಿ ಮೂಳ್ಯಾಗಿಲ್ಲ. ಎಲ್ಲೈತಿ ಅಂತ ನನಗ ಗೊತ್ತಾಗವಲ್ದು."

ನನಗೂ ಗೊತ್ತಾಗಲಿಲ್ಲ. ಬಿದ್ದ ಹೆದರಿಕೆ ಇರಬೇಕು.

ಆಗಸ್ಟ್ ೧೪

ಇವತ್ತು ಒಂದು ವಿಚಿತ್ರ ನೋಡಿದೆ.

ಬಾಬುಸಾಬನ ಫೋನು ಬಂತೆಂದು ಹೊರಗೆ ಹೋದೆ. ಮಾತಾಡುತ್ತ ಬಾಗಿಲ ಗಾಜಿನಿಂದ ಒಳಗೆ ನೋಡಿದರೆ ಹಳದಿ ಕಂಬ ಏರುತ್ತಿದೆ. ಒಳಗೆ ಬಂದೆ. ಕಂಬ ಕುಸಿಯಿತು. ಮತ್ತೆ ಹೊರಗೆ ಹೋದೆ. ಏರಿತು. ಬಂದೆ, ಕುಸಿಯಿತು. ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದು ಎದ್ದಾಗ ರುಕ್ಸಾರ ಬಾಗಿಲಲ್ಲಿ ಅಡ್ಡ ನಿಂತಳು.

"ನೀವು ಇನ್ನ ಹೊರಗ ಕುಂದರ್ರಿ."

"ನಾ ಮಾತಾಡೇ ಇಲ್ರೀ ಮೇಡಂ."

"ಮಾತಾಡಿಲ್ಲ ಖರೆ. ನೋಡಾಕತ್ತೀರಿ."

"ಹಡದವ್ರು ನೋಡಬಾರದೇನ್ರಿ? ಎಷ್ಟ ದಿವಸ ಹೊರಗ ಕುಂದ್ರಲಿ?"

"ಆಕೀನ ಕೇಳ್ರಿ."

ಸಂತೆಯಲ್ಲಿ ನನಗೆ ಯಾರೂ ಜಾಗ ತೋರಿಸಿದ್ದಿಲ್ಲ. ಹೊರಗಿನ ಬೆಂಚು ಗಟ್ಟಿಯಾಗಿದೆ.

ಆಗಸ್ಟ್ ೧೮

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ತೊರವಿ ದಾಟಿದ ಮೇಲೆ ಕೇಳಿದೆ, "ನಾ ಒಳಗ ಬಂದ್ರ ಯಾಕ ಕಾಲ ಸಡಲ ಬಿಡತಿ?"

ಹೊರಗೆ ದ್ರಾಕ್ಷಿ ತೋಟಗಳು ಹೋಗುತ್ತಿದ್ದವು, ಅವನ್ನೇ ನೋಡುತ್ತಿದ್ದಳು. ಮುಖ ತಿರುಗಿಸದೆ ಅಂದಳು:

"ನೀ ಕಿವಿ ಮುಟಗೊಂಡ್ಯಲ್ಲ ಯಪ್ಪಾ. ಬಾಬುಸಾಬ ಕಾಕಾಗ."

ಬಸ್ಸಿನಲ್ಲಿ ಗದ್ದಲವಿತ್ತು. ಕಂಡಕ್ಟರು ಬಂದ. ಚಿಲ್ಲರೆಯ ಮಾತಾಯಿತು. ಆಮೇಲೆ ತಿಕೋಟಾ ಬಂತು.

ಆಗಸ್ಟ್ ೧೯

ಅವಳಿಗೆ ಉತ್ತರ ಕೊಡಬೇಕಿತ್ತು. ಉತ್ತರಗಳಿದ್ದವು. ಅದು ಅಭ್ಯಾಸದ ಕೈ ಎನ್ನಬಹುದಿತ್ತು. ಕಿವಿ ತುರಿಸಿತು ಎನ್ನಬಹುದಿತ್ತು. ಕುರಿ-ಆಡಿನ ಸನ್ನೆಗೂ ಮಕ್ಕಳಿಗೂ ಸಂಬಂಧವಿಲ್ಲ ಎನ್ನಬಹುದಿತ್ತು. ಮುಂಜಾನೆಯಿಂದ ಇಂಥವನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದೇನೆ. ಯಾವುದನ್ನೂ ನಾನೇ ಕೊಳ್ಳುವುದಿಲ್ಲ.

ಆಗಸ್ಟ್ ೨೪

ಸಂತೆ. ಬಿಜ್ಜರಗಿಯ ಕುರಿಗಾರನೊಬ್ಬನ ಆಡು ಮುಂಗಾಲು ಎಳೆಯುತ್ತಿತ್ತು. ಬಾಬುಸಾಬ ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಎರಡೂ ಕೈ ಕಿಸೆಯಲ್ಲಿದ್ದವು. ಹೊರಗೆ ಬರಲಿಲ್ಲ.

"ಯಾಕಪಾ, ಕಣ್ಣಿಗಿ ಪರದೆ ಬಂತೇನು? ಎದುರಿಗೇ ಕುಂಟಾಕತ್ತಿತ್ತು," ಎಂದು ಆಮೇಲೆ ರೇಗಿದ.

"ಕಂಡೇನಿ. ಗಿರಾಕಿಗಿ ಬಾಯಿಲೇ ಹೇಳಿದ್ನಿ."

"ಎಲ್ಲಾರ ಮುಂದ? ಬಾಯಿಲೇ? ನಮ್ಮ ಅನ್ನಕ್ಕ ಕಲ್ಲ ಹಾಕಿದ್ಯಲ್ಲೋ." ಆಮೇಲೆ ದನಿ ಇಳಿಸಿ, "ಹುಡುಗಿ ಹೆಂಗದಾಳ?" ಎಂದ.

"ನಡೀತಾಳಂತ."

"ಅಂತ ಅಂದ್ರ? ನೀ ನೋಡಿಲ್ಲೇನು?"

"ಇಲ್ಲ."

ಆಗಸ್ಟ್ ೨೮

ಬೆಂಚು. ಒಳಗೆ ಯಂತ್ರ ಗುಂಯ್ ಎನ್ನುತ್ತದೆ. ರುಕ್ಸಾರ ಏನೋ ಹೇಳುತ್ತಾಳೆ, ಆಮ್ರೂ ಏನೋ ಹೇಳುತ್ತಾಳೆ, ಇಬ್ಬರೂ ನಗುತ್ತಾರೆ. ಬಾಗಿಲ ಗಾಜಿಗೆ ಬೆನ್ನು ಮಾಡಿ ಕೂತಿದ್ದೇನೆ.

ಪಕ್ಕದಲ್ಲಿ ಒಬ್ಬಳು ತಾಯಿ ತನ್ನ ಮಗನ ಮುರಿದ ಮೊಣಕಾಲಿನ ಕಥೆ ಹೇಳಿದಳು. ಕೇಳಿದೆ. ಅವಳ ಹೆಸರು ಪೀರಾಂಬಿ.

ಸೆಪ್ಟೆಂಬರ್ ೨

ರುಕ್ಸಾರ ಹೊರಗೆ ಬಂದು ಹೇಳಿದಳು, ಯಂತ್ರದ ಆಸರೆ ಬಹಳ ಇಳಿಸಿದ್ದೇವೆ, ಇದೇ ವಾರ ಕೈಯಲ್ಲಿ ಹಿಡಿಯುವ ಎರಡು ಸರಳುಗಳ ನಡುವೆ ನೆಲದ ಮೇಲೆ ನಡೆಸುತ್ತೇವೆ. ನಡಿಗೆ ಪೂರ್ತಿ ನೆಟ್ಟಗಾಗುತ್ತದೆಂದು ಮಾತು ಕೊಡುವುದಿಲ್ಲ. ಸ್ವಲ್ಪ ಎಳೆತ ಉಳಿಯಲೂಬಹುದು.

"ಆಗಲಿ," ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಇನ್ನೂ ಏನೋ ಕೇಳುತ್ತೇನೆ ಎಂದುಕೊಂಡಿರಬೇಕು.

ಸೆಪ್ಟೆಂಬರ್ ೪

ಬೆಂಚಿನ ಮೇಲಿದ್ದೆ. ಒಳಗಿನಿಂದ ಆಮ್ರೂ ಕರೆದಳು.

"ಯಪ್ಪಾ, ಒಳಗ ಬಾ. ಆದ್ರ ಖುರ್ಚಿ ಗ್ವಾಡಿ ಕಡೆ ತಿರಗಿಸಿ ಕುಂದರು. ನಾ ಹೇಳೂತನಕ ಹೊಳ್ಳಿ ನೋಡಬ್ಯಾಡ."

ನೆಲ ನೋಡುತ್ತ ಒಳಗೆ ಹೋದೆ. ಕುರ್ಚಿ ತಿರುಗಿಸಿ ಕೂತೆ. ಮುಖದ ಎದುರು ಗೋಡೆ, ಬಣ್ಣದ ಮೇಲೆ ಕೈಯ ಬೆವರಿನ ಕಲೆಗಳು. ಹಿಂದೆ ಪಟ್ಟಿ ಬಿಚ್ಚಿದ ಸದ್ದು. ಬರಿಗಾಲು ನೆಲಕ್ಕೆ ಇಳಿದ ಸದ್ದು. "ಸರಳ ಹಿಡಕೋ. ಹೂಂ, ನಿನಗ ಹೆಂಗ ಬರತೈತಿ ಹಂಗ," ಎಂದಳು ರುಕ್ಸಾರ.

ಒಂದು ಹೆಜ್ಜೆ. ತಡೆದು ಇನ್ನೊಂದು. ಒಂದು ಗಟ್ಟಿ, ಒಂದು ಹಗುರ, ಹಗುರಾದದ್ದರ ಹಿಂದೆ ಚೂರು ಎಳೆದ ಸದ್ದು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಆಮೇಲೆ ಧೊಪ್ಪೆಂದಿತು.

ನಾನು ಅರ್ಧ ಎದ್ದಿದ್ದೆ. ಕುರ್ಚಿ ಹಿಂದಕ್ಕೆ ಸರಿದು ಕೀರಿತು.

"ಬಿದ್ದೇನಿ ಯಪ್ಪಾ," ಎಂದಳು. ದನಿಯಲ್ಲಿ ನೋವಿತ್ತು, ಎಷ್ಟು ಎಂದು ತಿಳಿಯಲಿಲ್ಲ. "ಹೊಳ್ಳಿ ನೋಡಬ್ಯಾಡ."

"ಗಾದಿ ಮ್ಯಾಲ ಕುಂತಾಳ್ರಿ. ಏನೂ ಆಗಿಲ್ಲ," ಎಂದಳು ರುಕ್ಸಾರ.

ಗೋಡೆಯನ್ನೇ ನೋಡಿದೆ. ಕುತ್ತಿಗೆಯ ನರ ಎಲ್ಲ ಹಿಂದಕ್ಕೆ ಎಳೆಯುತ್ತಿತ್ತು. ಏಳು ಎನ್ನಬೇಕೆನಿಸಿತು, ಬೇಡ ಬಿಡು ಎನ್ನಬೇಕೆನಿಸಿತು, ಬಲಗೈ ಮೇಲೆ ಭಾರ ಕೊಟ್ಟು ಏಳು ಎಂದು ಹೇಳಿಕೊಡಬೇಕೆನಿಸಿತು. ಕೂತೆ.

ಹಿಂದೆ ಉಸಿರು ಬಿಗಿಹಿಡಿದ ಸದ್ದು. ಸರಳು ಅಲುಗಿತು. ಮತ್ತೆ ಹೆಜ್ಜೆ. ಗಟ್ಟಿ, ಹಗುರ, ಎಳೆತ. ಗಟ್ಟಿ, ಹಗುರ, ಎಳೆತ. ಹತ್ತಿರ, ಇನ್ನೂ ಹತ್ತಿರ. ಕೊನೆಗೆ ನನ್ನ ಬೆನ್ನ ಹಿಂದೆಯೇ ಅವಳ ಏದುಸಿರು ಕೇಳಿಸಿತು.

"ಈಗ ಕೇಳು," ಎಂದಳು.

"ಏನ ಕೇಳಲಿ?"

"ಹೆಂಗ ನಡದಿ ಅಂತ."

"ಹೆಂಗ ನಡದಿಯವ್ವಾ?"

"ಭಾಳ ಕೆಟ್ಟ ನಡದೇನಿ," ಎಂದಳು. ದನಿ ಖುಷಿಯಾಗಿತ್ತು. "ನಾಳಿಗೂ ನಡೀತೇನಿ. ನೀ ಇಲ್ಲೇ ಹಿಂಗ ಕುಂದರಬೇಕು."

ಬಬಲೇಶ್ವರದ ಹಿಂಡಿನವರಿಗೆ ನಾಳೆ ವ್ಯಾಪಾರಕ್ಕೆ ನಾನು ಬರುವುದಿಲ್ಲ ಎಂದು ಹೇಳಿ ಕಳಿಸಬೇಕು.